ಕೇಳಿ, ಹೇಳ್ತೀನಿ: ಮಾರಿದ ಚಿತ್ರ ಮತ್ತೆ ಮಾರಾಟವಾದಾಗ

ಧಾರವಾಡದಿಂದ ಬಂದ ಲಕೋಟೆ ದಪ್ಪಗಿತ್ತು. ಒಳಗೆ ನಾಲ್ಕು ಪುಟದ ಪತ್ರ, ಹರಾಜಿನ ಕ್ಯಾಟಲಾಗಿನ ಒಂದು ಪುಟದ ಜೆರಾಕ್ಸ್, ಮತ್ತೆ ಬಣ್ಣ ಮಾಸಿದ ಒಂದು ಫೋಟೋ. ಫೋಟೋದಲ್ಲಿ ಕನ್ನಡಕ ಹಾಕಿದ ಮಾಸ್ತರರೊಬ್ಬರು ಅಂಗಳದಲ್ಲಿ ಈಸೆಲ್ ಮುಂದೆ ನಿಂತಿದ್ದಾರೆ. ಈಸೆಲ್ ಮೇಲಿರುವ ಚಿತ್ರವೇ ಕ್ಯಾಟಲಾಗಿನಲ್ಲೂ ಇದೆ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಬಾಡಿಗೆ ಕರಾರು, ಚೆಕ್ ಬೌನ್ಸ್, ಅಣ್ಣತಮ್ಮಂದಿರ ಪಾಲುಪಟ್ಟಿ ಇಂಥವೇ ಇರುತ್ತವೆ. ಈ ಸಲ ಬರೀ ಚಿತ್ರಗಳ ವಿಷಯ. ಧಾರವಾಡದ ಪತ್ರ ನೋಡಿದ ಮೇಲೆ, ಉತ್ತರ ಕೊಡದೆ ಫೈಲಿನಲ್ಲಿ ಇಟ್ಟಿದ್ದ ಇನ್ನೂ ಕೆಲವು ಪತ್ರಗಳನ್ನು ಹುಡುಕಿ ತೆಗೆದೆ. ನಮ್ಮ ಮನೆಯದ್ದೂ ಒಂದು ಕಥೆ ಇದೆ, ಅದು ಮಧ್ಯದಲ್ಲಿ ಬರುತ್ತದೆ.

ಪ್ರಶ್ನೆ: ನಮ್ಮ ತಂದೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ರಜೆಯಲ್ಲಿ ಮನೆಯಲ್ಲೇ ಎಣ್ಣೆಬಣ್ಣದ ಚಿತ್ರ ಬರೆಯುತ್ತಿದ್ದರು. 1982ರಲ್ಲಿ ಒಂದು ಚಿತ್ರವನ್ನು ಪರಿಚಯದವರಿಗೆ 600 ರೂಪಾಯಿಗೆ ಕೊಟ್ಟರು. 1998ರಲ್ಲಿ ತೀರಿಕೊಂಡರು. ಈಗ ಅದೇ ಚಿತ್ರ ಹರಾಜಿನಲ್ಲಿ 4,20,000 ರೂಪಾಯಿಗೆ ಹೋಗಿದೆ. ನಮಗೇನಾದರೂ ಸಿಗುತ್ತದೆಯೇ? ‘ಮಾರಿದ ಮೇಲೆ ಮುಗೀತು, ಸುಮ್ಮನಿರು’ ಅಂತಾನೆ ನಮ್ಮಣ್ಣ. – ಓದುಗಿ, ಧಾರವಾಡ

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಸೈಟಿಗೆ, ಸ್ಕೂಟರಿಗೆ, ಎಮ್ಮೆಗೆ ಸರಿ. ಚಿತ್ರಕ್ಕೆ ಅಲ್ಲ.

ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ 53ಎ ಅಂತ ಒಂದು ಸೆಕ್ಷನ್ ಇದೆ. 1994ರ ತಿದ್ದುಪಡಿಯಲ್ಲಿ ಸೇರಿಸಿದ್ದು, 1995ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದು ಹೇಳೋದು ಇಷ್ಟು: ಒಂದು ಚಿತ್ರದ, ಶಿಲ್ಪದ ಅಥವಾ ರೇಖಾಚಿತ್ರದ ಮೂಲಪ್ರತಿ 10,000 ರೂಪಾಯಿಗಿಂತ ಜಾಸ್ತಿ ಬೆಲೆಗೆ ಮರುಮಾರಾಟವಾದರೆ, ಆ ಬೆಲೆಯಲ್ಲಿ ಕಲಾವಿದರಿಗೆ ಪಾಲು ಇದೆ. ಕಲಾವಿದರು ಇಲ್ಲದಿದ್ದರೆ ವಾರಸುದಾರರಿಗೆ. ಕಾಪಿರೈಟನ್ನೇ ಬೇರೆಯವರಿಗೆ ಬರೆದುಕೊಟ್ಟಿದ್ದರೂ ಈ ಪಾಲು ಹೋಗೋದಿಲ್ಲ.

ಎಲ್ಲಿಯವರೆಗೆ? ಕಾಪಿರೈಟ್ ಇರುವವರೆಗೆ. ಅಂದರೆ ಕಲಾವಿದರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಕೆ. ವೆಂಕಟಪ್ಪನವರು ಹೋದದ್ದು 1965ರಲ್ಲಿ. ಅವರ ಚಿತ್ರಗಳ ವಾಯಿದೆ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಕೆ.ಕೆ. ಹೆಬ್ಬಾರರು 1996ರಲ್ಲಿ ಹೋದರು. ಅವರದ್ದು 2056ರ ಕೊನೆಯವರೆಗೂ ಇದೆ. ನಿಮ್ಮ ತಂದೆಯವರದ್ದು 2058ರ ಕೊನೆಯವರೆಗೆ. ಮೊದಲ ಮಾರಾಟ 1982ರಲ್ಲೇ ಆಗಿತ್ತಲ್ಲ ಅಂತ ಎದುರಿನವರು ತಕರಾರು ತೆಗೆಯಬಹುದು. ಕಾಯ್ದೆ ಮಾತಾಡುತ್ತಿರುವುದು ಮರುಮಾರಾಟದ ಬಗ್ಗೆ, ಅದು ನಡೆದಿರುವುದು ಈಗ ಅನ್ನೋದು ನನ್ನ ವಾದ.

ಒಂದು ಷರತ್ತು ಮಾತ್ರ ಗಟ್ಟಿಯಾಗಿ ನೋಡಿಕೊಳ್ಳಬೇಕು. ಚಿತ್ರ ಬರೆದಾಗ ಅದರ ಹಕ್ಕಿನ ಮೊದಲ ಒಡೆಯ ಕಲಾವಿದರೇ ಆಗಿರಬೇಕು. ನಿಮ್ಮ ತಂದೆ ಶಾಲೆಯ ಕೆಲಸವಾಗಿ ಗ್ಯಾದರಿಂಗಿಗೆ ಪರದೆ ಬರೆದುಕೊಟ್ಟಿದ್ದರೆ ಅದರ ಒಡೆತನ ಶಾಲೆಯದ್ದು. ಯಾರೋ ದುಡ್ಡು ಕೊಟ್ಟು ‘ನಮ್ಮಜ್ಜಂದು ಒಂದು ಪೋರ್ಟ್ರೇಟ್ ಬರೀರಿ’ ಅಂತ ಹೇಳಿ ಬರೆಸಿಕೊಂಡಿದ್ದರೆ ಅದು ಬರೆಸಿದವರದ್ದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಪತ್ರದ ಪ್ರಕಾರ ಇದು ರಜೆಯಲ್ಲಿ, ಮನೆಯ ಅಂಗಳದಲ್ಲಿ, ಅವರ ಮನಸ್ಸಿಗೆ ಬಂದು ಬರೆದ ಚಿತ್ರ. ಆ ಹಳೇ ಫೋಟೋ ಅದಕ್ಕೇ ಬಂಗಾರ. ಜೋಪಾನ.

ಇನ್ನು ಎಷ್ಟು ಸಿಗುತ್ತದೆ? ಇಲ್ಲಿಂದ ಬೇಸರದ ಭಾಗ. ಕಾಯ್ದೆ ‘ಶೇ. 10ನ್ನು ಮೀರಬಾರದು’ ಅಂತ ಮಾತ್ರ ಹೇಳಿದೆ. ನಿಮ್ಮ ಲೆಕ್ಕದಲ್ಲಿ ಜಾಸ್ತಿ ಅಂದರೆ 42,000 ರೂಪಾಯಿ. ಅದು ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ. ಆದರೆ ಹತ್ತರೊಳಗೆ ಎಷ್ಟು ಅನ್ನೋದನ್ನು ಕಾಪಿರೈಟ್ ಬೋರ್ಡ್ ನಿಗದಿ ಮಾಡಬೇಕು ಅಂತ ಬರೆದರು. ಆಮೇಲೆ ಆ ಬೋರ್ಡಿನ ಕೆಲಸವನ್ನು 2017ರಲ್ಲಿ ಬೇರೊಂದು ಮೇಲ್ಮನವಿ ಮಂಡಳಿಗೆ ಕೊಟ್ಟರು. 2021ರಲ್ಲಿ ಆ ಮಂಡಳಿಯನ್ನೇ ಮುಚ್ಚಿದರು. ಈಗ ಕೋರ್ಟಿಗೇ ಹೋಗಬೇಕು. ಯಾರು ಕೊಡಬೇಕು, ಮಾರಿದವರೋ ಕೊಂಡವರೋ ಹರಾಜು ಹಾಕಿದವರೋ, ಅದನ್ನೂ ಸೆಕ್ಷನ್ ಬಿಡಿಸಿ ಹೇಳಿಲ್ಲ. ‘ನಿಮ್ಮ ತಂದೆಯ ಚಿತ್ರ ಮಾರಾಟವಾಯ್ತು’ ಅಂತ ನಿಮಗೆ ತಿಳಿಸುವ ಜವಾಬ್ದಾರಿಯನ್ನೂ ಯಾರ ಮೇಲೂ ಹಾಕಿಲ್ಲ.

ಹಾಗಂತ ಬಿಡಬೇಡಿ. ಮೊದಲು ಹರಾಜು ಸಂಸ್ಥೆಗೆ ಒಂದು ಪತ್ರ ಬರೆಯಿರಿ. ಲಾಟ್ ನಂಬರ್, ಹರಾಜಿನ ತಾರೀಕು, ತಂದೆಯ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ತೆಗೆಸಿದ ವಂಶವೃಕ್ಷ, ಆ ಫೋಟೋದ ಪ್ರತಿ ಲಗತ್ತಿಸಿ. ಮಾರಿದವರಿಗೂ ಇದನ್ನು ತಲುಪಿಸಿ ಅಂತ ಕೇಳಿ. ಭಾಷೆ ಮೆತ್ತಗಿರಲಿ, ಸೆಕ್ಷನ್ ನಂಬರ್ ಮಾತ್ರ ಸ್ಪಷ್ಟವಾಗಿರಲಿ. ಎಷ್ಟೋ ಸಲ ಗಲಾಟೆ ಬೇಡ ಅಂತ ಮಾತುಕತೆಗೆ ಬರುತ್ತಾರೆ. ವಾರಸುದಾರರು ಎಲ್ಲರೂ ಒಟ್ಟಿಗೆ ಬರೆದರೆ ಒಳ್ಳೆಯದು, ಹಾಗಾಗಿ ಅಣ್ಣನ ಸಹಿಯೂ ಬೇಕು. ಪಾಲು ಅಂದ ಕೂಡಲೇ ಹಾಕ್ತಾರೆ ಬಿಡಿ.

ಪ್ರಶ್ನೆ: ಮೇಡಂ, ನಾನು ಮೈಸೂರಿನಲ್ಲಿ ಓದಿ ಈಗ ಬೆಂಗಳೂರಿನಲ್ಲಿದ್ದೇನೆ. ಚಿತ್ರಸಂತೆಯಲ್ಲಿ 8,000ಕ್ಕೆ ಮಾರಿದ ನನ್ನ ಜಲವರ್ಣವನ್ನು ಕೊಂಡವರು ಮೂರೇ ತಿಂಗಳಲ್ಲಿ 9,500ಕ್ಕೆ ಮಾರಿದ್ದಾರೆ. ನನ್ನ ಡಿಜಿಟಲ್ ಪ್ರಿಂಟುಗಳೂ ಕೈ ಬದಲಾಗುತ್ತಿವೆ. ನಾನು ಪಾಲು ಕೇಳಬಹುದಾ? ಮುಂದಕ್ಕೆ ಏನು ಜಾಗ್ರತೆ ಮಾಡಬೇಕು? – ಯುವ ಕಲಾವಿದ, ಬೆಂಗಳೂರು

ಉತ್ತರ: ಕೇಳೋಕಾಗಲ್ಲ. 10,000 ದಾಟಿಲ್ಲ. ತಿದ್ದುಪಡಿ ಬಂದಾಗ ಹಾಕಿದ ಗೆರೆ ಇವತ್ತಿಗೂ ಅಷ್ಟೇ ಇದೆ, ಅದೊಂದೇ ನಮಗೆ ಅನುಕೂಲ; ಬೆಲೆ ಏರಿದ ಹಾಗೆ ಸಣ್ಣ ಚಿತ್ರಗಳೂ ಅದರೊಳಗೆ ಬರುತ್ತವೆ. ಪ್ರಿಂಟಿನ ವಿಷಯಕ್ಕೆ ಬಂದರೆ, ಕಲಾಕೃತಿಗಳಲ್ಲಿ ಸೆಕ್ಷನ್ ಹೆಸರಿಸುವುದು ಚಿತ್ರ, ಶಿಲ್ಪ, ರೇಖಾಚಿತ್ರ ಮೂರನ್ನೇ. ಫೋಟೋ ಇಲ್ಲ, ಪ್ರಿಂಟ್ ಇಲ್ಲ. ಯುರೋಪಿನ ನಿಯಮದಲ್ಲಿ ಫೋಟೋ, ಲಿಥೋಗ್ರಾಫ್, ಪಿಂಗಾಣಿ ಕೆಲಸ ಎಲ್ಲವೂ ಸೇರಿದೆ.

ಜಾಗ್ರತೆಯ ಬಗ್ಗೆ ಕೇಳಿದ್ದೀರಿ. ಇಲ್ಲಿ ನಮ್ಮಪ್ಪನ ಕಥೆ ಹೇಳ್ತೀನಿ.

ಗದಗಿನಲ್ಲಿ ನಮ್ಮಪ್ಪನದ್ದು ಬೋರ್ಡ್ ಬರೆಯುವ ಅಂಗಡಿ. ಕಿರಾಣಿ ಅಂಗಡಿ, ಹೋಟೆಲು, ಲಾರಿಯ ಹಿಂದಿನ ಹಲಗೆ, ಚುನಾವಣೆ ಬಂದರೆ ಗೋಡೆ. ಭಾನುವಾರ ಸೈಕಲ್ ಹತ್ತಿ ಲಕ್ಕುಂಡಿಗೆ ಹೋಗಿ ಜಲವರ್ಣ ಬರೆಯುತ್ತಿದ್ದರು. ಅಲ್ಲಿ ಮಾಣಿಕೇಶ್ವರ ಗುಡಿಯ ಮುಂದೆ ಮುಸುಕಿನ ಬಾವಿ ಅಂತಿದೆ. ಅದರ ಮೆಟ್ಟಿಲ ನೆರಳನ್ನು ಎಷ್ಟು ಸಲ ಬರೆದರೋ ಲೆಕ್ಕವಿಲ್ಲ. ಒಂದನ್ನು ಊರಿನ ಡಾಕ್ಟರೊಬ್ಬರು ಕೊಂಡುಕೊಂಡರು.

ಅದಾಗಿ ಮೂವತ್ತು ವರ್ಷದ ಮೇಲೆ ಬೆಂಗಳೂರಿನಲ್ಲಿ ನನ್ನ ಸನ್ನದಿಗೆ ಹೊಸ ಗಾಜು ಹಾಕಿಸೋಕೆ ಫ್ರೇಮ್ ಅಂಗಡಿಗೆ ಹೋಗಿದ್ದೆ. ನೆಲದ ಮೇಲೆ ಗೋಡೆಗೆ ಒರಗಿಸಿ, ಬೆನ್ನು ಈ ಕಡೆ ಮಾಡಿ, ಒಂದು ಚಿತ್ರ ಇಟ್ಟಿದ್ದರು. ಹಳೆಯ ಹಾರ್ಡ್‌ಬೋರ್ಡು, ತುಕ್ಕು ಹಿಡಿದ ಸಣ್ಣ ಮೊಳೆಗಳು. ಅದರ ಮೇಲೆ ಪೆನ್ಸಿಲಿನಲ್ಲಿ ಬೋರ್ಡ್ ಬರೆಯುವವರ ಆ ದುಂಡನೆಯ ಅಕ್ಷರ: ‘ಮುಸುಕಿನ ಬಾವಿ, ಲಕ್ಕುಂಡಿ. 11-2-1979. ರೂ. 350. ಜಮಾ 200. ಬಾಕಿ 150.’ ಮುಂದಿನ ಚಿತ್ರ ನೋಡುವ ಮೊದಲೇ ಅಪ್ಪನ ಕೈ ಅಂತ ಗೊತ್ತಾಯಿತು.

ಅಂಗಡಿಯವರನ್ನು ಕೇಳಿದೆ. ‘ಅದು ಮಾರಾಟ ಆಗಿದೆ ಮೇಡಂ, ಅರವತ್ತು ಸಾವಿರಕ್ಕೆ. ಹೊಸಬರು ಕಟ್ಟು ಬದಲಾಯಿಸೋಕೆ ಕಳಿಸಿದ್ದಾರೆ.’ ಯಾರು ಮಾರಿದ್ದು, ಯಾರು ಕೊಂಡಿದ್ದು? ‘ಗಿರಾಕಿ ಹೆಸರು ಹೇಳಕ್ಕಾಗಲ್ಲ.’ ನಾನು ವಕೀಲೆ. 53ಎ ನನಗೆ ಬಾಯಿಪಾಠ. ಆದರೆ ನೋಟಿಸ್ ಕಳಿಸಲು ಹೆಸರು ಬೇಕು, ವಿಳಾಸ ಬೇಕು. ಸಿಕ್ಕಿದ್ದರೂ ಜಾಸ್ತಿ ಅಂದರೆ 6,000 ರೂಪಾಯಿ. ಅದಕ್ಕಾಗಿ ಕೋರ್ಟಿಗೆ ಅಲೆಯಬೇಕಾದರೆ ಆಟೋ ಖರ್ಚೇ ಅಷ್ಟಾಗುತ್ತಿತ್ತು. ಹಳೇ ಹಾರ್ಡ್‌ಬೋರ್ಡ್ ಬಿಸಾಕ್ತೀರಾ ಅಂತ ಕೇಳಿದೆ. ಹೂಂ ಅಂದರು. ಅದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಮನೆಗೆ ತಂದೆ.

ಆಮೇಲೆ ಹೊಳೆಯಿತು, ತಪ್ಪು ಮಾಡಿದೆ ಅಂತ. ಆ ಹಾರ್ಡ್‌ಬೋರ್ಡ್ ಚಿತ್ರದ ಜತೆಗೇ ಇರಬೇಕಿತ್ತು. ಚಿತ್ರ ಯಾರದ್ದು, ಯಾವಾಗ ಬರೆದದ್ದು ಅಂತ ಹೇಳುತ್ತಿದ್ದ ಒಂದೇ ದಾಖಲೆಯನ್ನು ನಾನೇ ಕಿತ್ತುಕೊಂಡು ಬಂದಿದ್ದೆ.

ಹಾಗಾಗಿ ನಿಮಗೆ ಹೇಳೋದು: ಹೆಸರು, ತಾರೀಕು, ಊರು, ಅಳತೆ ಇವನ್ನು ಕಟ್ಟಿನ ಮೇಲಲ್ಲ, ಕ್ಯಾನ್ವಾಸಿನ ಅಥವಾ ಕಾಗದದ ಹಿಂಭಾಗದಲ್ಲೇ ಬರೆಯಿರಿ. ಕಾಗದಕ್ಕೆ ಮೆತ್ತನೆಯ ಪೆನ್ಸಿಲ್ ಸಾಕು, ಪೆನ್ನಿನ ಮಸಿ ಮುಂದಕ್ಕೆ ಒಸರುತ್ತದೆ. ಕೊಡುವ ಮೊದಲು ಮುಂದಿನದ್ದೂ ಹಿಂದಿನದ್ದೂ ಫೋಟೋ ತೆಗೆದಿಡಿ. ಒಂದು ನೋಟ್‌ಬುಕ್ ಇಟ್ಟು ಯಾರಿಗೆ, ಎಷ್ಟಕ್ಕೆ, ಯಾವತ್ತು ಅಂತ ಬರೆದುಕೊಳ್ಳಿ. ಸಂತೆಯಲ್ಲಿ ನಿಂತು ಇದನ್ನೆಲ್ಲ ಮಾಡೋದು ಕಷ್ಟ, ಗೊತ್ತು. ಬಿಲ್ ಪುಸ್ತಕವಾದರೂ ಇರಲಿ.

ಬಿಲ್ಲಿನ ಕೆಳಗೆ ‘ಮರುಮಾರಾಟ ಮಾಡಿದರೆ ಕಲಾವಿದರಿಗೆ ತಿಳಿಸಿ, ಬೆಲೆಯ ಶೇ. 5 ಕೊಡತಕ್ಕದ್ದು’ ಅಂತ ಒಂದು ಸಾಲು ಅಚ್ಚು ಹಾಕಿಸಿ ಕೊಂಡವರ ಸಹಿ ತಗೊಳ್ಳಬಹುದು. ಇದು ಹೊಸ ಉಪಾಯವೇನಲ್ಲ. 1971ರಲ್ಲೇ ನ್ಯೂಯಾರ್ಕಿನ ಸೇಥ್ ಸೀಗೆಲಾಬ್ ಎಂಬ ಕಲಾ ವ್ಯಾಪಾರಿ ವಕೀಲರೊಬ್ಬರ ಜತೆ ಸೇರಿ ಇಂಥ ಕರಾರಿನ ನಮೂನೆ ಮಾಡಿ ಹಂಚಿದ್ದರು. ಅದರಲ್ಲಿ ಏರಿದ ಬೆಲೆಯ ಶೇ. 15 ಕಲಾವಿದರಿಗೆ. ಆದರೆ ಒಂದು ಮಿತಿ ನೆನಪಿರಲಿ. ನಿಮ್ಮ ಕರಾರು ನಿಮ್ಮಿಂದ ಕೊಂಡವರನ್ನು ಕಟ್ಟಿಹಾಕುತ್ತದೆ. ಅವರಿಂದ ಕೊಂಡ ಮೂರನೆಯವರು ನಿಮಗೆ ಸಹಿ ಹಾಕಿಲ್ಲ.

ಪ್ರಶ್ನೆ: ನಾನು ಚಿತ್ರ ಸಂಗ್ರಹಿಸುವವನು. ಕಷ್ಟಪಟ್ಟು ದುಡಿದ ದುಡ್ಡು ಹಾಕಿ ಕೊಂಡಿದ್ದೇನೆ. ಬೆಲೆ ಇಳಿದರೆ ಕಲಾವಿದರು ನನಗೆ ವಾಪಸ್ ಕೊಡ್ತಾರಾ? ಮನೆ ಕಟ್ಟಿದ ಮೇಸ್ತ್ರಿಗೆ ಮನೆ ಮಾರಿದಾಗೆಲ್ಲ ಯಾರೂ ಪಾಲು ಕೊಡಲ್ಲ. ಇದ್ಯಾವ ನ್ಯಾಯ? – ಓದುಗ, ದಾವಣಗೆರೆ

ಉತ್ತರ: ಇಂಥ ಪ್ರಶ್ನೆ ನನಗೆ ಇಷ್ಟ. ಬೆಲೆ ಇಳಿದರೆ ಅನ್ನೋ ನಿಮ್ಮ ಮಾತಿನಲ್ಲಿ ಹುರುಳಿದೆ. ನಷ್ಟಕ್ಕೆ ಮಾರಿದರೂ 10,000 ದಾಟಿದ್ದರೆ ನಮ್ಮ ಕಾಯ್ದೆಯ ಪ್ರಕಾರ ಪಾಲು ಕೊಡಬೇಕು. ಅದು ಒರಟು ಅಂತ ನನಗೂ ಅನ್ನಿಸುತ್ತದೆ.

ಮೇಸ್ತ್ರಿಯ ಹೋಲಿಕೆ ಮಾತ್ರ ಒಪ್ಪೋದಿಲ್ಲ. ಮನೆಯ ಬೆಲೆ ಏರೋದು ಮೇಸ್ತ್ರಿಯ ಹೆಸರಿನಿಂದಲ್ಲ, ಪಕ್ಕದಲ್ಲಿ ರಿಂಗ್ ರೋಡ್ ಬಂದದ್ದರಿಂದ. ಚಿತ್ರದ ಬೆಲೆ ಏರೋದು ಮೂಲೆಯಲ್ಲಿರುವ ಸಹಿಯಿಂದ. ಆಮೇಲೆ ನಲವತ್ತು ವರ್ಷ ಆ ಕಲಾವಿದರು ಮಾಡಿದ ಕೆಲಸವೆಲ್ಲ ನಿಮ್ಮ ಗೋಡೆಯ ಚಿತ್ರಕ್ಕೆ ಬೆಲೆ ಸೇರಿಸುತ್ತಾ ಹೋಗುತ್ತದೆ. ಲೇಖಕರ ಪುಸ್ತಕ ಸಾವಿರ ಪ್ರತಿ ಖರ್ಚಾದರೆ ಸಾವಿರ ಪ್ರತಿಯ ಗೌರವಧನದ ಲೆಕ್ಕ ಇರುತ್ತದೆ, ಕೊಡುವ ಪ್ರಕಾಶಕರು ಸಿಕ್ಕರೆ. ಚಿತ್ರ ಬರೆಯುವವರಿಗೆ ಇರೋದೇ ಒಂದು ಪ್ರತಿ, ಅದೂ ಸಾಮಾನ್ಯವಾಗಿ ಕೈಯಲ್ಲಿ ಕಾಸಿಲ್ಲದ ವಯಸ್ಸಿನಲ್ಲಿ ಮಾರಿದ್ದು.

ಈ ಪಾಲನ್ನು ಮೊದಲು ಕಾಯ್ದೆ ಮಾಡಿದ್ದು ಫ್ರಾನ್ಸ್, 1920ರಲ್ಲಿ. ಅದರ ಬಗ್ಗೆ ಅಲ್ಲಿ ಚರ್ಚೆ ನಡೆಯುತ್ತಿದ್ದ ಕಾಲಕ್ಕೆ ಫೊರೇನ್ ಎಂಬ ಕಲಾವಿದ ಒಂದು ವ್ಯಂಗ್ಯಚಿತ್ರ ಬರೆದಿದ್ದ. ಹರಾಜಿನ ಮನೆ, ಚಿಂದಿ ಬಟ್ಟೆಯ ಇಬ್ಬರು ಮಕ್ಕಳು, ‘ಅಪ್ಪನ ಚಿತ್ರ!’ ಅನ್ನುವ ಒಂದು ಮಾತು. ಧಾರವಾಡದ ಪತ್ರ ಓದಿದಾಗ ನನಗೆ ನೆನಪಾದದ್ದು ಅದೇ.

ಆಸ್ಟ್ರೇಲಿಯಾದಲ್ಲಿ ಇದು ಬರೀ ವ್ಯಂಗ್ಯಚಿತ್ರವಾಗಿರಲಿಲ್ಲ. ಅಲ್ಲಿನ ಮರುಭೂಮಿಯ ಮೂಲನಿವಾಸಿ ಕಲಾವಿದ ಜಾನಿ ವಾರಂಗ್‌ಕುಲ 1970ರ ದಶಕದ ಮೊದಲಲ್ಲಿ ನೀರಿನ ಕನಸಿನ ಒಂದು ಚಿತ್ರ ಬರೆದು 150 ಡಾಲರಿಗೆ ಕೊಟ್ಟಿದ್ದ. 1997ರಲ್ಲಿ ಅದು 2,06,000 ಡಾಲರಿಗೆ ಹರಾಜಾಯಿತು. 2000ದಲ್ಲಿ ಮತ್ತೆ 4,86,500ಕ್ಕೆ. ಆಗ ಅವನಿನ್ನೂ ಬದುಕಿದ್ದ, ಕಣ್ಣು ಮಂಜಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ. ಪಾಲು ಕೊಡಬೇಕೆಂಬ ಕಾಯ್ದೆ ಅಲ್ಲಿ ಇರಲಿಲ್ಲ. ಮರುವರ್ಷ ತೀರಿಕೊಂಡ. ಅಲ್ಲಿ ಈ ಹಕ್ಕಿನ ಮಾತು ಬಂದಾಗಲೆಲ್ಲ ಜನ ಅವನ ಹೆಸರು ಎತ್ತುತ್ತಿದ್ದರು. ಕಾಯ್ದೆ 2009ರಲ್ಲಿ ಆಯಿತು, 2010ರ ಜೂನ್‌ನಿಂದ ಜಾರಿಗೆ ಬಂತು: 1,000 ಡಾಲರ್ ಮತ್ತು ಮೇಲ್ಪಟ್ಟ ಮರುಮಾರಾಟಕ್ಕೆ ಶೇ. 5. ವಸೂಲಿ ಮಾಡಿ ಕಲಾವಿದರಿಗೆ ತಲುಪಿಸಲು ಒಂದು ಸಂಸ್ಥೆಯನ್ನೂ ಗೊತ್ತು ಮಾಡಿದರು. ನ್ಯೂಜಿಲೆಂಡ್ 2024ರ ಡಿಸೆಂಬರ್‌ನಿಂದ ಅದೇ ಶೇ. 5 ಶುರು ಮಾಡಿದೆ.

ನಮ್ಮಲ್ಲಿ ಇಲ್ಲದಿರುವುದು ಇದೇ ನೋಡಿ: ಖಚಿತ ದರ, ವಸೂಲಿ ಮಾಡುವ ಒಂದು ಕೈ. ‘ಹತ್ತರವರೆಗೆ’ ಅಂತ ದೊಡ್ಡ ಮನಸ್ಸು ಮಾಡಿದರು, ಕೊಡುವ ದಾರಿ ಮಾಡಲಿಲ್ಲ. ಧಾರವಾಡದ ಆ ಚಿತ್ರಕ್ಕೆ ಆಸ್ಟ್ರೇಲಿಯಾದ ಲೆಕ್ಕ ಹಾಕಿದರೆ 21,000 ರೂಪಾಯಿ. ಕಾಗದದ ಮೇಲಿನ 42,000ಕ್ಕಿಂತ ಬ್ಯಾಂಕಿಗೆ ಬಂದು ಬೀಳುವ 21,000 ಜಾಸ್ತಿ ಅನ್ನೋದು ನನ್ನ ಲೆಕ್ಕ. ಕೊಡುವ ನಿಮಗೂ ಹಗುರ, ಅಲ್ವಾ?

ಪ್ರಶ್ನೆ: 2025ರಲ್ಲಿ ಹುಸೇನರ ಚಿತ್ರ 118 ಕೋಟಿಗೆ ಹೋಯಿತಲ್ಲ, ಅವರ ಮಕ್ಕಳಿಗೆ 11 ಕೋಟಿ ಮೇಲೆ ಬರಬೇಕಲ್ಲವೇ? – ಓದುಗ, ಹುಬ್ಬಳ್ಳಿ

ಉತ್ತರ: ಲೆಕ್ಕ ಸರಿ, ಊರು ತಪ್ಪು. ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’ 1954ರ ಚಿತ್ರ. ಆಗಲೇ ನಾರ್ವೆಯ ಡಾಕ್ಟರೊಬ್ಬರು ಕೊಂಡು ಊರಿಗೆ ಒಯ್ದಿದ್ದರು. ಆಮೇಲೆ ಓಸ್ಲೋದ ಆಸ್ಪತ್ರೆಯ ಪಾಲಾಯಿತು. 2025ರ ಮಾರ್ಚ್‌ನಲ್ಲಿ ಹರಾಜಾದದ್ದು ನ್ಯೂಯಾರ್ಕಿನಲ್ಲಿ, ಸುಮಾರು 1.38 ಕೋಟಿ ಡಾಲರಿಗೆ. ನಮ್ಮ ಕಾಯ್ದೆ ಅಲ್ಲಿಗೆ ಹೋಗೋದಿಲ್ಲ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಇಂಥ ಕಾಯ್ದೆ ಇಲ್ಲ. ಕ್ಯಾಲಿಫೋರ್ನಿಯಾ 1976ರಲ್ಲಿ ಶೇ. 5 ಅಂತ ಒಂದು ಮಾಡಿತ್ತು. 2018ರಲ್ಲಿ ಕೋರ್ಟು ಅದರ ಬಹುಭಾಗವನ್ನು ಹೊಡೆದುಹಾಕಿತು.

ಯುರೋಪಿನಲ್ಲಿ ಮಾರಿದ್ದರೆ? ಅಲ್ಲಿ ಬೆಲೆ ಏರಿದ ಹಾಗೆ ದರ ಇಳಿಯುತ್ತದೆ. ಮೊದಲ 50,000 ಯುರೋಗೆ ಶೇ. 4, ಇಳಿಯುತ್ತಾ ಇಳಿಯುತ್ತಾ ಕಾಲು ಪರ್ಸೆಂಟ್. ಒಂದು ಮಾರಾಟಕ್ಕೆ ಎಷ್ಟೇ ಆದರೂ 12,500 ಯುರೋ ಮೀರುವಂತಿಲ್ಲ. ಅಂದರೆ 118 ಕೋಟಿಗೆ ಹನ್ನೆರಡು ಲಕ್ಷದ ಆಸುಪಾಸು. ಅದೂ ಸುಮ್ನೆ ಸಿಗೋದಿಲ್ಲ. ‘ನಿಮ್ಮ ದೇಶ ನಮ್ಮ ಕಲಾವಿದರಿಗೆ ಕೊಟ್ಟರೆ ನಾವೂ ನಿಮ್ಮವರಿಗೆ ಕೊಡ್ತೀವಿ’ ಅನ್ನೋದು ಕಾಪಿರೈಟಿನ ಅಂತಾರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ನಿಯಮ. ನಮ್ಮಲ್ಲಿ ಕೊಡುವ ದಾರಿಯೇ ಇಲ್ಲದಿದ್ದರೆ ಹೊರಗೆ ಹೋಗಿ ಕೇಳೋದು ಯಾವ ಮುಖ ಹೊತ್ತು?

ಪ್ರಶ್ನೆ: ನಮ್ಮಜ್ಜ ಬರೆದ ನಾಟಕದ ಕೈಬರಹದ ಪ್ರತಿ ಹಳೇ ಪುಸ್ತಕದವರ ಹತ್ತಿರ ಇದೆ, 15,000 ಹೇಳ್ತಿದ್ದಾರೆ. ಇದಕ್ಕೂ ಪಾಲಿದೆಯಾ? – ಓದುಗಿ, ಸಾಗರ

ಉತ್ತರ: ಇದೆ. ಕಥೆ, ಕವಿತೆ, ನಾಟಕ, ಸಂಗೀತ ಇವುಗಳ ಮೂಲ ಹಸ್ತಪ್ರತಿಗೂ ಅದೇ ಸೆಕ್ಷನ್ ಅನ್ವಯಿಸುತ್ತದೆ. ಅಚ್ಚಾದ ಪುಸ್ತಕಕ್ಕಿಲ್ಲ. ಆದರೆ 15,000ದಲ್ಲಿ ನಿಮಗೆ ಬರೋದು 1,500ರೊಳಗೆ, ಅದೂ ಮೇಲೆ ಹೇಳಿದ ಅಷ್ಟೂ ತಾಪತ್ರಯ ದಾಟಿದ ಮೇಲೆ. ಅಜ್ಜನ ಕೈಬರಹ ಬೇಕು ಅನ್ನಿಸಿದರೆ ಚೌಕಾಸಿ ಮಾಡಿ ಕೊಂಡುಬಿಡಿ. ಆ ಪಾಲಿನ ಮಾತೆತ್ತಿದರೆ ಒಂದಿಷ್ಟು ಇಳಿಸಿಯಾರು.

ಈ ವಿಷಯಕ್ಕೆ ಇನ್ನೂ ಪತ್ರ ಬರೆಯುವವರಿದ್ದರೆ ಒಂದು ಕೋರಿಕೆ. ಚಿತ್ರದ ಮುಂಭಾಗದ ಫೋಟೋ ಎಲ್ಲರೂ ಕಳಿಸುತ್ತೀರಿ. ಬೆನ್ನಿನ ಫೋಟೋವನ್ನೂ ಕಳಿಸಿ.